ಪ್ರಾಮಿಪೆಕ್ಸೋಲ್: ನಡುಕಕ್ಕೆ ಕೊಟ್ಟ ಮಾತ್ರೆ ಮನಸ್ಸಿನಲ್ಲಿ ಏನು ಮಾಡುತ್ತದೆ

ಪಾರ್ಕಿನ್ಸನ್ ಇರುವವರ ಚೀಟಿಯಲ್ಲಿ ಸಿಂಡೋಪಾ ಜೊತೆಗೆ ಪ್ರಾಮಿಪೆಕ್ಸೋಲ್ ಅಂತ ಇನ್ನೊಂದು ಹೆಸರು ಸೇರಿದಾಗ ಮನೆಯವರು ಮೆಡಿಕಲ್ ಶಾಪಿನಲ್ಲಿ ಕೇಳುವುದು ಒಂದೇ ಮಾತು: "ಇದು ನಡುಕಕ್ಕಾ?" ಹೌದು, ನಡುಕಕ್ಕೆ. ಆದರೆ ಅಷ್ಟಕ್ಕೇ ಅಲ್ಲ. ಪಾರ್ಕಿನ್ಸನ್ನೇ ಇಲ್ಲದವರಿಗೆ, ಬೇರೆ ಯಾವ ಔಷಧಿಗೂ ಜಗ್ಗದ ಖಿನ್ನತೆಗೆ, ಕೆಲವು ಮನೋವೈದ್ಯರು ಇದೇ ಮಾತ್ರೆ ಬರೆಯುತ್ತಾರೆ. ಕೈಗೂ ಮನಸ್ಸಿಗೂ ಒಂದೇ ಗುಳಿಗೆ ಹೇಗೆ ಆಗುತ್ತದೆ ಅನ್ನುವುದು ಗೊತ್ತಾದರೆ ಅದರ ಅಡ್ಡಪರಿಣಾಮಗಳೂ ತಾವಾಗಿಯೇ ಅರ್ಥವಾಗುತ್ತವೆ. ಕೈಯನ್ನಷ್ಟೇ ನೋಡುತ್ತಾ ಕೂತ ಮನೆಯವರಿಗೆ ಈ ಮಾತ್ರೆಯ ಅರ್ಧ ಕೆಲಸ ಕಾಣುವುದೇ ಇಲ್ಲ. ಒಳ್ಳೆಯದೂ ಕಾಣುವುದಿಲ್ಲ, ಕೆಟ್ಟದ್ದೂ ಕಾಣುವುದಿಲ್ಲ.

ಮೊದಲು ಸಿಂಡೋಪಾ, ಅಂದರೆ ಲೆವೊಡೋಪಾ ಮತ್ತು ಕಾರ್ಬಿಡೋಪಾ ಸೇರಿದ ಮಾತ್ರೆಯ ವಿಷಯ, ಯಾಕೆಂದರೆ ಅದಿಲ್ಲದೆ ಇದು ತಿಳಿಯುವುದಿಲ್ಲ. ಮಿದುಳಿನ ಬುಡದಲ್ಲಿ, ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಛಾಯೆಯ ಜಾಗದಲ್ಲಿ, ಡೋಪಮೈನ್ ಎಂಬ, ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳಿವೆ. ಪಾರ್ಕಿನ್ಸನ್‌ನಲ್ಲಿ ಅವು ಒಂದೊಂದಾಗಿ ಸಾಯುತ್ತವೆ. ನಡುಕ, ಬಿಗಿತ, ನಿಧಾನ ಕಣ್ಣಿಗೆ ಬೀಳುವ ಹೊತ್ತಿಗೆ ಸುಮಾರು ಅರ್ಧದಷ್ಟು ಹೋಗಿರುತ್ತವೆ. ಡೋಪಮೈನನ್ನೇ ಮಾತ್ರೆ ಮಾಡಿ ಕೊಟ್ಟರೆ ಅದು ರಕ್ತದಿಂದ ಮಿದುಳಿನ ಒಳಕ್ಕೆ ದಾಟುವುದಿಲ್ಲ. ಅದರ ಹಿಂದಿನ ಹಂತವಾದ ಲೆವೊಡೋಪಾ ದಾಟುತ್ತದೆ. 1961ರಲ್ಲಿ ವಿಯೆನ್ನಾದಲ್ಲಿ ಬಿರ್ಕ್‌ಮಾಯರ್ ಮತ್ತು ಹೋರ್ನಿಕೀವಿಚ್ ಅದನ್ನು ಇಂಜೆಕ್ಷನ್ ಮೂಲಕ ಕೊಟ್ಟು ನೋಡಿದರು. 1967ರಲ್ಲಿ ಅಮೆರಿಕದ ಕೋಟ್ಜಿಯಾಸ್, ಬಾಯಿಯ ಮೂಲಕ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದರೆ ದೊಡ್ಡ ಪ್ರಮಾಣವನ್ನೂ ತಡೆದುಕೊಳ್ಳಬಹುದು ಎಂದು ತೋರಿಸಿದರು. ಅದಕ್ಕೆ ಕಾರ್ಬಿಡೋಪಾ ಸೇರಿಸಿದ ಮೇಲೆ ವಾಂತಿ ಕಡಿಮೆಯಾಯಿತು. ಮಿದುಳಿಗೆ ಹೋಗುವ ಮೊದಲೇ ಲೆವೊಡೋಪಾ ಖರ್ಚಾಗದಂತೆ ತಡೆಯುವುದು ಕಾರ್ಬಿಡೋಪಾದ ಕೆಲಸ.

ಲೆವೊಡೋಪಾ ಎಂದರೆ ರಾಗಿ. ಉಳಿದಿರುವ ಜೀವಕೋಶಗಳು ಗಿರಣಿ. ರಾಗಿ ಎಷ್ಟು ಕೊಟ್ಟರೂ ಬೀಸುವ ಗಿರಣಿ ಬೇಕು, ವರ್ಷ ಕಳೆದಂತೆ ಗಿರಣಿಗಳು ಮುಚ್ಚುತ್ತಾ ಹೋಗುತ್ತವೆ. ಬೀಸಿದ ಹಿಟ್ಟನ್ನು ಕೂಡಿಡಲು ಡಬ್ಬವೂ ಇರುವುದಿಲ್ಲ. ಅದಕ್ಕೇ ಐದಾರು ವರ್ಷಗಳ ನಂತರ ಮಾತ್ರೆ ನುಂಗಿದ ಎರಡು ಮೂರು ಗಂಟೆಗೇ ಮತ್ತೆ ಕೈಕಾಲು ಹಿಡಿದುಕೊಳ್ಳುವುದು ಶುರುವಾಗುತ್ತದೆ. ಪ್ರಾಮಿಪೆಕ್ಸೋಲ್‌ಗೆ ಗಿರಣಿಯ ಗೊಡವೆಯೇ ಇಲ್ಲ. ಅದು ಡೋಪಮೈನ್ ಆಗಿ ಬದಲಾಗುವುದೂ ಇಲ್ಲ. ಡೋಪಮೈನ್ ಹೋಗಿ ಕೂರಬೇಕಾದ ಗ್ರಾಹಕಗಳ ಮೇಲೆ ತಾನೇ ಹೋಗಿ ಕೂತು, ಡೋಪಮೈನ್ ಬಂದಿದೆ ಎಂಬ ಸುದ್ದಿ ಮುಟ್ಟಿಸುತ್ತದೆ. ಬೇರೆಯವರ ಮನೆಯಲ್ಲಿ ಆದ ಅಡುಗೆಯನ್ನು ನೇರವಾಗಿ ಎಲೆಗೇ ಬಡಿಸಿದ ಹಾಗೆ. ರುಚಿ ಪೂರ್ತಿ ಅದೇ ಅಲ್ಲ, ಹೊಟ್ಟೆ ತುಂಬುತ್ತದೆ. ಶಕ್ತಿಯಲ್ಲಿ ಲೆವೊಡೋಪಾಗೆ ಸಮ ಅಲ್ಲ. ವೈದ್ಯರು ಲೆಕ್ಕ ಹಾಕುವಾಗ 1 ಮಿಲಿಗ್ರಾಂ ಪ್ರಾಮಿಪೆಕ್ಸೋಲ್ ಅಂದರೆ ಸುಮಾರು 100 ಮಿಲಿಗ್ರಾಂ ಲೆವೊಡೋಪಾ ಎಂದು ಹಿಡಿಯುತ್ತಾರೆ. ಆದರೆ ಅದರ ಅರ್ಧಾಯುಷ್ಯ, ಅಂದರೆ ಮೈಯಲ್ಲಿರುವ ಮದ್ದು ಅರ್ಧಕ್ಕಿಳಿಯಲು ಬೇಕಾದ ಹೊತ್ತು, 8 ಗಂಟೆ, ವಯಸ್ಸಾದವರಲ್ಲಿ 12 ಗಂಟೆಯವರೆಗೆ. ಲೆವೊಡೋಪಾದಂತೆ ಗಂಟೆಗೊಮ್ಮೆ ಏರಿಳಿಯುವುದಿಲ್ಲ.

ಎಲೆಯ ಮಾತು ಬಂದಿದ್ದರಿಂದ ಅದನ್ನೇ ಮುಂದುವರಿಸುತ್ತೇನೆ, ಇಡೀ ವಿಷಯದ ಗಂಟು ಇಲ್ಲೇ ಇದೆ. ಮಿದುಳಿನಲ್ಲಿ ಡೋಪಮೈನ್ ಹರಿಯುವ ದೊಡ್ಡ ದಾರಿಗಳು ಒಂದಕ್ಕಿಂತ ಹೆಚ್ಚು. ಒಂದು ನೈಗ್ರಾದಿಂದ, ಮಿದುಳಿನ ಒಳಗಿರುವ ಸ್ಟ್ರಯೇಟಮ್ ಎಂಬ ಭಾಗದ ಮೇಲ್ಭಾಗಕ್ಕೆ ಹೋಗುತ್ತದೆ, ಚಲನೆಯ ದಾರಿ ಅದು. ಇನ್ನೊಂದು ಪಕ್ಕದ ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶದಿಂದ ಸ್ಟ್ರಯೇಟಮ್‌ನ ಕೆಳಭಾಗಕ್ಕೆ ಮತ್ತು ಹಣೆಯ ಹಿಂದಿನ ಮಿದುಳಿಗೆ ಹೋಗುತ್ತದೆ. ಆಸೆ, ಉತ್ಸಾಹ, "ಮಾಡೋಣ" ಅನ್ನಿಸುವುದು, ಮಾಡಿದ ಮೇಲೆ "ಚೆನ್ನಾಗಿತ್ತು" ಅನ್ನಿಸುವುದು, ಇವೆಲ್ಲ ಈ ಎರಡನೆಯ ದಾರಿಗೆ ಸೇರಿದ್ದು. ಪ್ರಾಮಿಪೆಕ್ಸೋಲ್ ಕೂರುವುದು ಡಿ2 ಮತ್ತು ಡಿ3 ಎಂಬ ಗ್ರಾಹಕಗಳ ಮೇಲೆ, ಅದರಲ್ಲೂ ಡಿ3 ಮೇಲೆ ಒಲವು ಹೆಚ್ಚು. ಡಿ3 ದಟ್ಟವಾಗಿರುವುದು ಎರಡನೆಯ ದಾರಿಯ ತುದಿಯಲ್ಲಿ. ಮನಸ್ಸಿಗೆ ಇದು ತಾಗುವುದು ಆಕಸ್ಮಿಕವಲ್ಲ ಎನ್ನುವುದು ಇದಕ್ಕೇ.

ಪಾರ್ಕಿನ್ಸನ್ ಎರಡೂ ದಾರಿಗಳನ್ನು ಸಮನಾಗಿ ಕೆಡಿಸುವುದಿಲ್ಲ. ಚಲನೆಯ ದಾರಿ ಮೊದಲು, ಹೆಚ್ಚು ಕೆಡುತ್ತದೆ. ಎರಡನೆಯದು ಕೆಲವರಲ್ಲಿ ಬಹಳ ಕಾಲ ತಕ್ಕಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಪಂಕ್ತಿಯಲ್ಲಿ ಒಬ್ಬರ ಎಲೆ ಖಾಲಿ, ಪಕ್ಕದವರ ಎಲೆ ಮುಕ್ಕಾಲು ತುಂಬಿದೆ, ಬಡಿಸುವವರು ಇಬ್ಬರಿಗೂ ಒಂದೇ ಸೌಟು ಬಡಿಸುತ್ತಾ ಹೋದರೆ ಏನಾಗುತ್ತದೆ? ಕೈಗೆ ಸಾಕಾಗುವಷ್ಟು ಡೋಸ್ ಆಸೆಯ ದಾರಿಗೆ ಜಾಸ್ತಿಯಾಗಿ ಉಕ್ಕಬಹುದು. ಎರಡನೆಯ ಎಲೆಯೂ ಬರಿದಾಗಿರುವವರಲ್ಲಿ, ಅಂದರೆ ಉತ್ಸಾಹವೇ ಬತ್ತಿಹೋದವರಲ್ಲಿ, ಅದೇ ಸೌಟು ಜೀವ ತುಂಬುತ್ತದೆ.

ಖಿನ್ನತೆ ಕಾಯಿಲೆಯ ಭಾಗ, ಕಾಯಿಲೆಯ ಚಿಂತೆ ಅಲ್ಲ

"ಇಂಥ ಕಾಯಿಲೆ ಬಂದರೆ ಯಾರಿಗಾದರೂ ಬೇಜಾರಾಗಲ್ವಾ" ಎಂದು ಖಿನ್ನತೆಯನ್ನು ಪಕ್ಕಕ್ಕೆ ಸರಿಸುವುದು ನಮ್ಮಲ್ಲಿ ತೀರಾ ಸಾಮಾನ್ಯ. ಇದು ತಪ್ಪು, ನೋವು ಕೊಡುವ ತಪ್ಪು. ಪಾರ್ಕಿನ್ಸನ್ ಇರುವವರಲ್ಲಿ ಸುಮಾರು ಮೂರನೆಯ ಒಂದು ಭಾಗ ಜನರಿಗೆ ಚಿಕಿತ್ಸೆ ಬೇಕಾಗುವ ಮಟ್ಟದ ಖಿನ್ನತೆಯ ಲಕ್ಷಣಗಳಿರುತ್ತವೆ, ಕೆಲವರಲ್ಲಿ ಅವು ನಡುಕಕ್ಕಿಂತ ವರ್ಷಗಳ ಮುಂಚೆಯೇ ಶುರುವಾಗುತ್ತವೆ. ಕಾಯಿಲೆ ಇದೆ ಎಂದು ಗೊತ್ತೇ ಇಲ್ಲದಾಗ ಬಂದದ್ದನ್ನು ಕಾಯಿಲೆಯ ಚಿಂತೆ ಅನ್ನುವುದು ಹೇಗೆ? ಡೋಪಮೈನ್ ಜೊತೆಗೆ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ಇನ್ನೆರಡು ಸುದ್ದಿ ಒಯ್ಯುವ ರಾಸಾಯನಿಕಗಳನ್ನು ತಯಾರಿಸುವ ಕೋಶಗಳೂ ಪಾರ್ಕಿನ್ಸನ್‌ನಲ್ಲಿ ಸೊರಗುತ್ತವೆ.

ಗುರುತಿಸುವುದು ಮಾತ್ರ ಕಷ್ಟ. ಮುಖದ ಸ್ನಾಯು ಬಿಗಿಯಾಗಿ ಭಾವನೆ ಕಾಣದಿರುವುದು, ಮೆಲು ದನಿ, ನಿಧಾನದ ನಡಿಗೆ, ನಿದ್ದೆಗೇಡು, ಇವು ಎರಡೂ ಕಾಯಿಲೆಗಳಲ್ಲಿ ಇವೆ. ಆದ್ದರಿಂದ ಮುಖ ನೋಡಿ ತೀರ್ಮಾನಿಸಬಾರದು, ಕೇಳಬೇಕು. ನಗು ಬರುತ್ತಿಲ್ಲವೋ, ನಗಬೇಕು ಅನ್ನಿಸುತ್ತಲೇ ಇಲ್ಲವೋ? ಮೊಮ್ಮಗು ಬಂದಾಗ ಒಳಗೆ ಖುಷಿಯಾಗುತ್ತದೆ, ಮುಖದಲ್ಲಿ ಕಾಣಿಸುವುದಿಲ್ಲ ಎಂದರೆ ಅದು ಸ್ನಾಯುವಿನ ಕೆಲಸ. ಬಂದರೂ ಅಷ್ಟೇ, ಹೋದರೂ ಅಷ್ಟೇ ಎಂದರೆ ಮನಸ್ಸಿನದ್ದು. "ನನ್ನಿಂದ ಎಲ್ಲರಿಗೂ ತೊಂದರೆ" ಎಂಬ ಮಾತು ದಿನಾ ಬರುತ್ತಿದ್ದರೆ ಇನ್ನು ಕಾಯಬಾರದು.

ಪ್ರಾಮಿಪೆಕ್ಸೋಲ್ ಇಂಥವರಿಗೆ ಕೆಲಸ ಮಾಡುತ್ತದೆಯೇ? 2010ರಲ್ಲಿ ಪ್ರಕಟವಾದ 12 ವಾರದ ಅಧ್ಯಯನವೊಂದರಲ್ಲಿ ಖಿನ್ನತೆಯ ಅಂಕ ಮಾತ್ರೆ ತೆಗೆದುಕೊಂಡವರಲ್ಲಿ 5.9ರಷ್ಟು ಇಳಿಯಿತು, ಮದ್ದೇ ಇಲ್ಲದ ಹುಸಿಮಾತ್ರೆ ತೆಗೆದುಕೊಂಡವರಲ್ಲಿ 4.0 ಇಳಿಯಿತು. ವ್ಯತ್ಯಾಸ ದೊಡ್ಡದಲ್ಲ, ಹಾಗೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಆದರೆ ಅದರಲ್ಲಿ ಮುಖ್ಯವಾದ ಇನ್ನೊಂದು ಲೆಕ್ಕವಿತ್ತು: ಮನಸ್ಸಿನ ಸುಧಾರಣೆಯ ಸುಮಾರು 80 ಶೇಕಡ ನೇರವಾಗಿ ಔಷಧಿಯಿಂದಲೇ ಬಂದದ್ದು, ಕೈಕಾಲು ಸರಾಗವಾಯಿತಲ್ಲ ಎಂಬ ಸಮಾಧಾನದಿಂದ ಬಂದದ್ದಲ್ಲ. ಎರಡು ದಾರಿ ಬೇರೆ ಬೇರೆ ಎನ್ನುವುದು ಅಲ್ಲಿ ಅಂಕಿಯಲ್ಲೇ ಕಾಣುತ್ತದೆ.

ಪಾರ್ಕಿನ್ಸನ್ ಇಲ್ಲದವರ ಖಿನ್ನತೆಯ ಬಗ್ಗೆ ದೊಡ್ಡ ಸುದ್ದಿ ಬಂದದ್ದು 2025ರಲ್ಲಿ, ಬ್ರಿಟನ್ನಿನ ಪ್ಯಾಕ್ಸ್-ಡಿ ಅಧ್ಯಯನದಿಂದ. ಈಗಾಗಲೇ ಬೇರೆ ಔಷಧಿಗಳಿಗೆ ಬಗ್ಗದಿದ್ದ 150 ಜನರು, ತಾವು ತೆಗೆದುಕೊಳ್ಳುತ್ತಿದ್ದ ಮಾತ್ರೆಯ ಜೊತೆಗೆ ಪ್ರಾಮಿಪೆಕ್ಸೋಲನ್ನೋ ಹುಸಿಮಾತ್ರೆಯನ್ನೋ ಸೇರಿಸಿಕೊಂಡರು. ಗುರಿ ದಿನಕ್ಕೆ 2.5 ಮಿಲಿಗ್ರಾಂ. 12ನೇ ವಾರದಲ್ಲಿ ಖಿನ್ನತೆಯ 27 ಅಂಕದ ಅಳತೆಯಲ್ಲಿ ಪ್ರಾಮಿಪೆಕ್ಸೋಲ್ ಗುಂಪು 6.4 ಇಳಿಯಿತು, ಹುಸಿಮಾತ್ರೆಯ ಗುಂಪು 2.4. ಇಷ್ಟು ವ್ಯತ್ಯಾಸ ಇಂಥ ರೋಗಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಾಗೆಯೇ ಸುಮಾರು ಐವರಲ್ಲಿ ಒಬ್ಬರು ಅಡ್ಡಪರಿಣಾಮ ತಾಳಲಾರದೆ ಬಿಟ್ಟರು, ಹುಸಿಮಾತ್ರೆಯಲ್ಲಿ ಹಾಗೆ ಬಿಟ್ಟವರು ಇಪ್ಪತ್ತರಲ್ಲಿ ಒಬ್ಬರು. ಅಮೆರಿಕದಲ್ಲಿ ಈ ಮಾತ್ರೆಗೆ ಪರವಾನಗಿ ಸಿಕ್ಕಿದ್ದು 1997ರಲ್ಲಿ ಪಾರ್ಕಿನ್ಸನ್‌ಗೆ, 2006ರಲ್ಲಿ ರಾತ್ರಿ ಕಾಲು ಎಳೆದಾಡುವ ತೊಂದರೆಗೆ. ಖಿನ್ನತೆಗೆ ಕೊಡುವುದೆಲ್ಲ ವೈದ್ಯರ ವಿವೇಚನೆಯ ಮೇಲೆ. ಬೈಪೋಲಾರ್, ಅಂದರೆ ಖಿನ್ನತೆ ಮತ್ತು ಉನ್ಮಾದ ಸರದಿಯಾಗಿ ಬರುವ ಕಾಯಿಲೆ ಇರುವವರಲ್ಲಿ ಉನ್ಮಾದ ಕೆರಳಬಹುದು, ಹಿಂದೆ ಭ್ರಮೆ ಬಂದಿದ್ದವರಲ್ಲಿ ಅದು ಮರುಕಳಿಸಬಹುದು. ಹಾಗಾಗಿ ಇದು ಪಕ್ಕದ ಮನೆಯವರ ಪಾರ್ಕಿನ್ಸನ್ ಮಾತ್ರೆಯನ್ನು ಸ್ವಲ್ಪ ತಿಂದು ನೋಡುವ ವಿಷಯ ಖಂಡಿತ ಅಲ್ಲ.

ಮೊದಲ ಎರಡು ವಾರ ಏನೂ ಆಗಲಿಲ್ಲ ಎಂದು ಬಿಡುವವರೂ ಇದ್ದಾರೆ. ಸಣ್ಣ ಡೋಸಿನಲ್ಲಿ ಈ ಔಷಧಿ ಡೋಪಮೈನ್ ಬಿಡುಗಡೆ ಮಾಡುವ ಕೋಶದ ಮೇಲಿರುವ ಗ್ರಾಹಕಗಳನ್ನೂ ಮುಟ್ಟಿ, "ಸಾಕು, ನಿಲ್ಲಿಸು" ಎಂಬ ಸಂದೇಶ ಕಳಿಸುತ್ತದೆ. ಮೊದಲ ದಿನಗಳಲ್ಲಿ ಮಂಪರು, ಮಂಕು ಜಾಸ್ತಿಯಾಗುವುದಕ್ಕೆ ಇದೂ ಒಂದು ಕಾರಣ. ಡೋಸ್ ಏರಿ, ವಾರಗಳು ಕಳೆದ ಮೇಲೆಯೇ ಮನಸ್ಸಿನ ಫಲ.

ಡೋಸ್ ಏರಿಸುವ ರೀತಿ

ಸಾಮಾನ್ಯ ಮಾತ್ರೆಯಾದರೆ ಮೊದಲ ವಾರ 0.125 ಮಿಲಿಗ್ರಾಂ ದಿನಕ್ಕೆ ಮೂರು ಸಲ. ಎರಡನೇ ವಾರ 0.25, ಮೂರನೇ ವಾರ 0.5, ಮೂರೂ ಹೊತ್ತು. ಆಮೇಲೆ ಬೇಕಿದ್ದರೆ ಮಾತ್ರ ವಾರಕ್ಕೆ ಒಂದು ಹೊತ್ತಿಗೆ 0.25ರಂತೆ ಮೇಲಕ್ಕೆ. ಗರಿಷ್ಠ ದಿನಕ್ಕೆ 4.5. ಎಷ್ಟೋ ಜನರಿಗೆ ದಿನಕ್ಕೆ 1.5ರಲ್ಲೇ ಸಾಕಾಗುತ್ತದೆ. ಏರಿಸುವ ಹಂತಗಳ ನಡುವೆ ಕಡೇ ಪಕ್ಷ 5ರಿಂದ 7 ದಿನ ಬೇಕೇ ಬೇಕು, ಅವಸರ ಮಾಡಿದರೆ ವಾಕರಿಕೆ, ತಲೆಸುತ್ತು, ಭ್ರಮೆ ಎಲ್ಲ ಒಟ್ಟಿಗೇ ಬಂದು ಒಳ್ಳೆಯ ಔಷಧಿಯೊಂದು ಮೂಲೆಗೆ ಸೇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಇಆರ್ ಮಾತ್ರೆ ದಿನಕ್ಕೊಂದೇ, ಶುರು 0.375ರಿಂದ. ಅದನ್ನು ಮುರಿಯಬಾರದು, ಅಗಿಯಬಾರದು, ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಬಾರದು. ಪುಡಿ ಮಾಡಿದರೆ ಇಡೀ ದಿನದ್ದು ಒಮ್ಮೆಗೇ ಬಿಡುಗಡೆಯಾಗುತ್ತದೆ. ನುಂಗಲು ಕಷ್ಟವಿದ್ದರೆ ಸಾಮಾನ್ಯ ಮಾತ್ರೆಗೆ ಬದಲಿಸಿಕೊಡಿ ಎಂದು ಕೇಳುವುದೇ ದಾರಿ.

ಊಟದ ವಿಷಯದಲ್ಲಿ ಎರಡು ಮಾತ್ರೆಗಳ ನಿಯಮ ತಿರುಗುಮುರುಗು, ಮನೆಗಳಲ್ಲಿ ಗೊಂದಲ ಆಗುವುದು ಇಲ್ಲೇ. ಸಿಂಡೋಪಾ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ. ಯಾಕೆಂದರೆ ಕಾಳುಸಾರು, ಮೊಸರು, ಮೊಟ್ಟೆಯ ಪ್ರೋಟೀನು ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಲೆವೊಡೋಪಾ ಜೊತೆ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಕಬ್ಬಿಣಾಂಶದ ಮಾತ್ರೆಗೂ ಎರಡು ಗಂಟೆ ಅಂತರ ಬೇಕು. ಪ್ರಾಮಿಪೆಕ್ಸೋಲ್ ಮಾತ್ರ ಊಟದ ಜೊತೆ ಅಥವಾ ನಂತರ ತೆಗೆದುಕೊಳ್ಳಬಹುದು. ಆಹಾರ ಅದನ್ನು ಒಂದು ಗಂಟೆಯಷ್ಟು ತಡ ಮಾಡಬಹುದೇ ಹೊರತು ಪ್ರಮಾಣ ಕಡಿಮೆ ಮಾಡುವುದಿಲ್ಲ, ವಾಕರಿಕೆಯಂತೂ ತಗ್ಗುತ್ತದೆ. ಎರಡನ್ನೂ ಒಂದೇ ಡಬ್ಬಿಯ ಒಂದೇ ಖಾನೆಗೆ ಹಾಕಿ "ಬೆಳಗ್ಗೆ" ಎಂದು ಬರೆದಿಟ್ಟರೆ ಎರಡರಲ್ಲಿ ಒಂದು ತಪ್ಪುತ್ತದೆ.

ಕಿಡ್ನಿಯ ಲೆಕ್ಕ ಇದಕ್ಕಿಂತ ಮುಖ್ಯ. ಪ್ರಾಮಿಪೆಕ್ಸೋಲ್ ಸುಮಾರು 90 ಶೇಕಡ ಹಾಗೇ ಮೂತ್ರದಲ್ಲಿ ಹೋಗುತ್ತದೆ, ಲಿವರ್ ಅದನ್ನು ಕರಗಿಸುವುದಿಲ್ಲ. ಕಿಡ್ನಿ ನಿಧಾನವಾದರೆ ಮೈಯಲ್ಲಿ ಉಳಿದುಬಿಡುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) 1.2 ಎಂದಿದ್ದರೆ ಬಹುಪಾಲು ಜನ "ಪರವಾಗಿಲ್ಲ" ಅಂದುಕೊಳ್ಳುತ್ತಾರೆ. ಆದರೆ 74 ವರ್ಷದ, 50 ಕೆ.ಜಿ. ತೂಕದ ಅಜ್ಜಿಯೊಬ್ಬರ ಲೆಕ್ಕ ಹಾಕಿ ನೋಡಿ. 140ರಲ್ಲಿ ವಯಸ್ಸು ಕಳೆದರೆ 66. ಅದನ್ನು ತೂಕ 50ರಿಂದ ಗುಣಿಸಿದರೆ 3,300. ಕೆಳಗೆ 72ನ್ನು 1.2ರಿಂದ ಗುಣಿಸಿದರೆ 86.4. ಭಾಗಿಸಿದರೆ 38, ಹೆಂಗಸರಿಗೆ 0.85ರಿಂದ ಗುಣಿಸಬೇಕು, ಬರುವುದು ಸುಮಾರು 32. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬುದರ ಅಂದಾಜು ಇದು. ಈ ಅಂಕಿ 50ಕ್ಕಿಂತ ಮೇಲಿದ್ದರೆ ದಿನಕ್ಕೆ ಮೂರು ಸಲ ಶುರು ಮಾಡುತ್ತಾರೆ, 30ರಿಂದ 50ರ ನಡುವೆ ಇದ್ದರೆ ಎರಡು ಸಲ, 15ರಿಂದ 30 ಇದ್ದರೆ ಒಂದೇ ಸಲ. ಅಂದರೆ ಈ ಅಜ್ಜಿಗೆ ಮೂರು ಹೊತ್ತು ಕೊಡುವಂತಿಲ್ಲ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿಯೋ, ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ನುಂಗಿಯೋ ಕ್ರಿಯಾಟಿನಿನ್ ಏರಿದಾಗ, ಮೊನ್ನೆಯವರೆಗೆ ಸರಿಹೋಗುತ್ತಿದ್ದ ಡೋಸೇ ಇದ್ದಕ್ಕಿದ್ದಂತೆ ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ತೋರಿಸಬಹುದು.

ಬೆಂಗಳೂರಿನ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಒಂದು ಮಾತಿದೆ. ಮಗನೋ ಮಗಳೋ ಜರ್ಮನಿ, ಇಂಗ್ಲೆಂಡಿನಿಂದ ಮಾತ್ರೆ ತಂದುಕೊಡುವುದು ಇಲ್ಲಿ ಹೊಸದಲ್ಲ. ಯೂರೋಪಿನ ಡಬ್ಬಿಯ ಮೇಲೆ 0.088, 0.18, 0.7 ಎಂಬ ವಿಚಿತ್ರ ಅಂಕಿಗಳಿರುತ್ತವೆ. ಅಲ್ಲಿ ಬರೆಯುವುದು ಬೇಸ್ ತೂಕ, ಅಂದರೆ ಲವಣದ ಭಾಗ ಬಿಟ್ಟು ಬರೀ ಮದ್ದಿನ ತೂಕ. ಭಾರತ, ಅಮೆರಿಕದ ಸ್ಟ್ರಿಪ್ ಮೇಲೆ ಬರುವುದು ಲವಣದ ತೂಕ, "ಪ್ರಾಮಿಪೆಕ್ಸೋಲ್ ಡೈಹೈಡ್ರೋಕ್ಲೋರೈಡ್" ಎಂಬ ಸಾಲು ಅದೇ. ಅಲ್ಲಿನ 0.088 ಇಲ್ಲಿನ 0.125. ಅಲ್ಲಿನ 0.18 ಇಲ್ಲಿನ 0.25. ಅಲ್ಲಿನ 0.7 ಇಲ್ಲಿನ 1. ಅಂಕಿ ಬೇರೆ, ಮದ್ದು ಒಂದೇ. ಇದು ಗೊತ್ತಿಲ್ಲದೆ "ಅಲ್ಲಿನದು ಕಡಿಮೆ ಪವರ್" ಎಂದು ಒಂದೂವರೆ ಮಾತ್ರೆ ಕೊಟ್ಟರೆ ಡೋಸೂ ಒಂದೂವರೆಪಟ್ಟಾಗುತ್ತದೆ.

ಏನು ಕೆಡುತ್ತದೆ

ವಾಕರಿಕೆ, ಮಲಬದ್ಧತೆ, ಪಾದದ ಊತ ಸಾಮಾನ್ಯ. ಬೀಪಿ ಬೀಳುವುದು ಅದಕ್ಕಿಂತ ಅಪಾಯ, ಯಾಕೆಂದರೆ ಸೊಂಟದ ಮೂಳೆ ಮುರಿಯುವುದು ರಾತ್ರಿ ಬಚ್ಚಲಿಗೆ ಎದ್ದಾಗ. ಮನೆಯ ಯಂತ್ರದಲ್ಲೇ ಅಳೆಯಬಹುದು: ಐದು ನಿಮಿಷ ಮಲಗಿದ ಮೇಲೆ ಒಮ್ಮೆ, ಎದ್ದು ನಿಂತ ಒಂದನೇ ನಿಮಿಷಕ್ಕೆ ಒಮ್ಮೆ, ಮೂರನೇ ನಿಮಿಷಕ್ಕೆ ಒಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ಹೇಳಬೇಕು. ಹಳೆಯ ಬೀಪಿ ಮಾತ್ರೆ ಇನ್ನೂ ಅದೇ ಡೋಸಿನಲ್ಲಿ ನಡೆಯುತ್ತಿದೆಯೇ ಎಂದೂ ಕೇಳಬೇಕು.

ನಿದ್ದೆ ಎಂದರೆ ಇಲ್ಲಿ ಬರೀ ತೂಕಡಿಕೆ ಅಲ್ಲ. ಮುನ್ಸೂಚನೆಯೇ ಇಲ್ಲದೆ, ಮಾತಿನ ನಡುವೆ, ತುತ್ತು ಕೈಯಲ್ಲಿರುವಾಗಲೇ ನಿದ್ದೆ ಹತ್ತಬಹುದು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಕೂತವರಿಗೆ ಹೀಗಾದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಡೋಸ್ ಏರುತ್ತಿರುವ ವಾರಗಳಲ್ಲಿ ಗಾಡಿ ಓಡಿಸದಿರುವುದು, ಒಮ್ಮೆ ಹಾಗೆ ನಿದ್ದೆ ಹತ್ತಿದ್ದರೆ ವೈದ್ಯರು ಹೇಳುವವರೆಗೆ ಕೀಲಿ ಮುಟ್ಟದಿರುವುದು, ಇಲ್ಲಿ ರಿಯಾಯಿತಿ ಇಲ್ಲ. ಮದ್ಯ ಸೇರಿದರೆ ಇನ್ನೂ ಕಷ್ಟ.

ಇನ್ನು ಆಸೆಯ ದಾರಿ ಉಕ್ಕುವ ವಿಷಯ. ಜೂಜು, ಖರೀದಿ, ತಿನಿಸು, ಲೈಂಗಿಕತೆ, ಈ ನಾಲ್ಕರಲ್ಲಿ ಒಂದು ಅಥವಾ ಹೆಚ್ಚು ಹಿಡಿತ ತಪ್ಪುವುದು. ಅಮೆರಿಕ ಮತ್ತು ಕೆನಡಾದ 3,090 ಪಾರ್ಕಿನ್ಸನ್ ರೋಗಿಗಳನ್ನು ಪರೀಕ್ಷಿಸಿದ 2010ರ ಅಧ್ಯಯನದಲ್ಲಿ ಪ್ರಾಮಿಪೆಕ್ಸೋಲ್‌ನಂತೆ ಡೋಪಮೈನ್ ಗ್ರಾಹಕಗಳ ಮೇಲೆ ಕೂರುವ ಗುಂಪಿನ ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ 17.1 ಶೇಕಡ ಜನರಿಗೆ, ತೆಗೆದುಕೊಳ್ಳದವರಲ್ಲಿ 6.9 ಶೇಕಡ ಜನರಿಗೆ ಇದು ಕಂಡಿತು. ಆರರಲ್ಲಿ ಒಬ್ಬರು ಎಂದರೆ ಅಪರೂಪದ ಅಡ್ಡಪರಿಣಾಮ ಎನ್ನಲು ಬರುವುದಿಲ್ಲ. ಆದರೂ ಓಪಿಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ನಾಚಿಕೆ. ಮರ್ಯಾದಸ್ಥ ನಿವೃತ್ತ ಮೇಷ್ಟ್ರು ಎಫ್‌ಡಿ ಮುರಿದು ಶೇರುಪೇಟೆಯ ಆಪ್ಷನ್ಸ್‌ನಲ್ಲಿ ಹಾಕುತ್ತಿದ್ದಾರೆ ಎಂದರೆ ಅದು ಮಾತ್ರೆಯ ಕೆಲಸ ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ, "ಈ ವಯಸ್ಸಿನಲ್ಲಿ ಬುದ್ಧಿ ಕೆಟ್ಟಿತು" ಎಂಬ ಜಗಳ ಶುರುವಾಗುತ್ತದೆ. ಬೈಯುವ ಮೊದಲು ಮಾತ್ರೆ ಯಾವಾಗ ಶುರುವಾಯಿತು, ಡೋಸ್ ಯಾವಾಗ ಏರಿತು ಎಂದು ನೋಡಿ. ತಿಂಗಳಿಗೊಮ್ಮೆ ಯುಪಿಐ ಪಟ್ಟಿ ನೋಡುವುದನ್ನು ಮಾತ್ರೆ ಶುರುವಾದ ದಿನವೇ, ಅವರ ಒಪ್ಪಿಗೆಯಿಂದಲೇ, ಪದ್ಧತಿ ಮಾಡಿಕೊಳ್ಳುವುದು ಒಳ್ಳೆಯದು. ಮುಂಚೆಯೇ ಮಾತಾಡಿಕೊಂಡಿದ್ದರೆ ಆಮೇಲೆ ಅದು ಪತ್ತೇದಾರಿಕೆ ಆಗುವುದಿಲ್ಲ. ಇನ್ನೊಂದು ರೂಪವೂ ಇದೆ, ದುಡ್ಡು ಹೋಗದ್ದರಿಂದ ಗಮನಕ್ಕೆ ಬರುವುದಿಲ್ಲ: ಬೀರುವಿನ ಬಟ್ಟೆ ತೆಗೆದು ಮಡಚಿ, ಮತ್ತೆ ತೆಗೆದು ಮಡಚಿ, ರಾತ್ರಿ ಎರಡು ಗಂಟೆಯವರೆಗೂ ಅದೇ. ಹಳೆಯ ರೇಡಿಯೊ ಬಿಚ್ಚಿ ತಿರುಪುಗಳನ್ನು ಸಾಲಾಗಿ ಜೋಡಿಸಿ, ಕೂಡಿಸದೆ ಮತ್ತೆ ಜೋಡಿಸುವುದು. ಕರೆದರೆ ಸಿಡುಕು.

ಹಿಂದೆ ಜೂಜು, ಕುಡಿತದ ಅಭ್ಯಾಸ ಇದ್ದವರಲ್ಲಿ, 70 ದಾಟಿದವರಲ್ಲಿ, ಮರೆವು ಅಥವಾ ಭ್ರಮೆ ಶುರುವಾದವರಲ್ಲಿ ನರತಜ್ಞರು ಪ್ರಾಮಿಪೆಕ್ಸೋಲ್ ಬದಿಗಿಟ್ಟು ಲೆವೊಡೋಪಾ ಒಂದರಲ್ಲೇ ನಡೆಸಲು ನೋಡುವುದು ಇದಕ್ಕೇ. ಅಂಥವರ ಖಿನ್ನತೆಗೆ ಬೇರೆ ದಾರಿಗಳಿವೆ: ಸೆರೊಟೋನಿನ್ ಹೆಚ್ಚಿಸುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು, ವೆನ್ಲಾಫ್ಯಾಕ್ಸಿನ್, ನಾರ್‌ಟ್ರಿಪ್ಟಿಲಿನ್, ಮಾತಿನ ಚಿಕಿತ್ಸೆ. ತೀವ್ರವಾಗಿದ್ದರೆ ಇಸಿಟಿ, ಅಂದರೆ ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ, ಖಿನ್ನತೆಯ ಜೊತೆಗೆ ಬಿಗಿತವನ್ನೂ ಕೆಲಕಾಲ ತಗ್ಗಿಸುತ್ತದೆ. ನರರೋಗ ಮತ್ತು ಮನೋರೋಗ ವಿಭಾಗಗಳು ಒಂದೇ ಆವರಣದಲ್ಲಿರುವ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲೇ ಇರುವುದು ಈ ಊರಿನವರ ಭಾಗ್ಯ. ಸಾಯುವ ಮಾತು ಬಂದರೆ, ಯಾವ ಹೊತ್ತಾದರೂ, 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ನಿಲ್ಲಿಸುವುದು, ಮತ್ತು ಗ್ಯಾಸ್ ಮಾತ್ರೆ

ಮೇಲಿನದನ್ನು ಓದಿ ಗಾಬರಿಯಾಗಿ ನಾಳೆಯಿಂದಲೇ ಮಾತ್ರೆ ನಿಲ್ಲಿಸಿಬಿಟ್ಟರೆ ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ದಿನಕ್ಕೆ 0.75 ಮಿಲಿಗ್ರಾಂನಂತೆ ಇಳಿಸುತ್ತಾ ಬಂದು, ದಿನದ ಒಟ್ಟು ಡೋಸ್ 0.75 ತಲುಪಿದ ಮೇಲೆ 0.375ರಂತೆ ಇಳಿಸುವುದು ಔಷಧಿಯ ಮಾಹಿತಿಪತ್ರದಲ್ಲಿರುವ ವೇಗ. ಬಹುಕಾಲ ತೆಗೆದುಕೊಂಡವರಿಗೆ ಅನುಭವಿ ವೈದ್ಯರು ಇನ್ನೂ ನಿಧಾನ ಮಾಡುತ್ತಾರೆ. ಥಟ್ಟನೆ ನಿಲ್ಲಿಸಿದರೆ ಆತಂಕ, ಬೆವರು, ದಿಗಿಲು, ಆಳವಾದ ಖಿನ್ನತೆ ಬರಬಹುದು, ಇದಕ್ಕೆ ಲೆವೊಡೋಪಾ ಹೆಚ್ಚಿಸಿದರೂ ಶಮನವಾಗುವುದಿಲ್ಲ. ವಿರಳವಾಗಿ ಜ್ವರ, ಮೈಯೆಲ್ಲ ಮರದಂತೆ ಬಿಗಿತ, ಗೊಂದಲ ಬರುತ್ತದೆ. ಅದು ತುರ್ತು, ತಡಮಾಡದೆ ಆಸ್ಪತ್ರೆ. ಸ್ಟ್ರಿಪ್ ಮುಗಿದು ನಾಲ್ಕೈದು ದಿನ ತಪ್ಪಿದ್ದರೆ ಹಳೆಯ ಡೋಸನ್ನೇ ಮತ್ತೆ ನುಂಗಬಾರದು, ವೈದ್ಯರನ್ನು ಕೇಳಿ ಕೆಳಗಿನಿಂದ ಏರಿಸಬೇಕಾಗಬಹುದು. ಹಬ್ಬಕ್ಕೆ ಊರಿಗೆ ಹೊರಡುವ ಮುಂಚೆ ಹತ್ತು ದಿನದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. ಪ್ರಾಮಿಪೆಕ್ಸೋಲ್ ಎಲ್ಲ ಅಂಗಡಿಯಲ್ಲೂ ಸಿಗುವ ಮಾತ್ರೆಯಲ್ಲ.

ಎರಡನೆಯ ಪೆಟ್ಟು ಹೊಟ್ಟೆಯ ಕಡೆಯಿಂದ ಬರುತ್ತದೆ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹೊಟ್ಟೆ ಉಬ್ಬರ, ಹುಳಿತೇಗು ಎಂದು ಹೋದರೆ ಗ್ಯಾಸ್ ಕ್ಯಾಪ್ಸೂಲ್ ಸಿಗುತ್ತದೆ. ಅದರಲ್ಲಿ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆಗೆ ಲೆವೊಸಲ್ಪಿರೈಡ್ ಸೇರಿದ್ದರೆ, ಪ್ರಾಮಿಪೆಕ್ಸೋಲ್ ಹೋಗಿ ಕೂರಬೇಕಾದ ಅದೇ ಡಿ2 ಗ್ರಾಹಕದ ಮೇಲೆ ಅದು ಮೊದಲೇ ಕೂತು ಬಾಗಿಲು ಹಾಕುತ್ತದೆ. ಪಾರ್ಕಿನ್ಸನ್ ಇದ್ದವರಿಗೆ ಕಾಯಿಲೆ ಜೋರಾಗುತ್ತದೆ. ಇಲ್ಲದವರಿಗೂ ಪಾರ್ಕಿನ್ಸನ್‌ನಂಥದ್ದೇ ನಡುಕ, ಬಿಗಿತ ಬರಬಹುದು, ನಿಲ್ಲಿಸಿದ ಮೇಲೂ ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಹಲವು ಬ್ರಾಂಡುಗಳಲ್ಲಿ ಹೆಸರಿನ ಕೊನೆಯ "ಎಲ್" ಅಕ್ಷರ ಲೆವೊಸಲ್ಪಿರೈಡಿನ ಗುರುತು, "ಡಿ" ಡೊಂಪೆರಿಡೋನಿನದು. ಅಕ್ಷರವನ್ನು ನಂಬದೆ ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರದ ಸಾಲು ಓದಿ. ವಾಂತಿಗೆ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಪ್ರೊಕ್ಲೋರ್‌ಪೆರಜಿನ್ ಮತ್ತು ಸಿನ್ನರಿಜಿನ್, ಅರೆತಲೆನೋವಿಗೆ ಫ್ಲುನರಿಜಿನ್, ಇವೂ ಅದೇ ಜಾತಿಯ ತೊಂದರೆ ಕೊಡುತ್ತವೆ. ವಾಕರಿಕೆಗೆ ಡೊಂಪೆರಿಡೋನ್ ನಡೆಯುತ್ತದೆ, ಅದು ಮಿದುಳಿಗೆ ಅಷ್ಟಾಗಿ ದಾಟುವುದಿಲ್ಲ, ಆದರೆ ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಬಾರದು. ಪಾರ್ಕಿನ್ಸನ್‌ಗೇ ಕೊಡುವ ರಸಾಜಿಲಿನ್ ಅಥವಾ ಸೆಲಿಜಿಲಿನ್ ಕೂಡ ನಡೆಯುತ್ತಿದ್ದರೆ ಡೆಕ್ಸ್ಟ್ರೋಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ಪು, ಟ್ರಮಡಾಲ್ ನೋವಿನ ಮಾತ್ರೆ ಮುಟ್ಟುವಂತಿಲ್ಲ.

ಗ್ರಂಥಿಗೆ ಅಂಗಡಿಯ ನಸುಗುನ್ನಿ ಪುಡಿಯ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿ ನಿಜವಾದ ಲೆವೊಡೋಪಾ ಇದೆ, 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಆ ಬೀಜದಿಂದ ಅದನ್ನು ಬೇರ್ಪಡಿಸಿದ್ದರು. ನಿಜವಾದ ಔಷಧಿ ಇರುವುದರಿಂದಲೇ ಲೆಕ್ಕವಿಲ್ಲದೆ ಚಮಚದಲ್ಲಿ ಸೇರಿಸಬಾರದು. ಒಂದು ಪುಡಿಯಿಂದ ಇನ್ನೊಂದಕ್ಕೆ ಪ್ರಮಾಣ ಬೇರೆ. ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಚೀಟಿ ಬರೆಯುವವರಿಗೆ ಹೇಳಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ "ಪರವಾಗಿಲ್ಲ, ಹಂಗೇ ಇದಾರೆ" ಎನ್ನುವ ಬದಲು ಒಂದು ಹಾಳೆ ತೆಗೆದುಕೊಂಡು ಹೋಗಿ. ಯಾವ ಮಾತ್ರೆ ಎಷ್ಟು ಗಂಟೆಗೆ, ಕೈ ಸರಾಗವಾಗಿದ್ದ ಗಂಟೆಗಳು, ಹಿಡಿದುಕೊಂಡ ಗಂಟೆಗಳು, ನಿಂತಾಗಿನ ಬೀಪಿ. ಅದರ ಕೆಳಗೆ ಮನಸ್ಸಿನ ಸಾಲು: ಈ ವಾರ ಯಾರೂ ಹೇಳದೆ ತಾವಾಗಿಯೇ ಪೇಪರ್ ಎತ್ತಿಕೊಂಡದ್ದು ಎಷ್ಟು ದಿನ, ತಂಗಿಗೆ ತಾವೇ ಫೋನ್ ಮಾಡಿದ್ದು ಎಷ್ಟು ಸಲ, ತಿಂಡಿ ಏನು ಬೇಕು ಎಂದರೆ "ಏನಾದರೂ ಕೊಡು" ಎನ್ನದೆ ಒಂದು ಹೆಸರು ಹೇಳಿದ್ದು ಎಷ್ಟು ದಿನ. ಪ್ರಾಮಿಪೆಕ್ಸೋಲ್ ಎರಡನೆಯ ಎಲೆಗೆ ತಲುಪುತ್ತಿದೆಯೋ ಇಲ್ಲವೋ ಎಂದು ವೈದ್ಯರು ಡೋಸ್ ತೀರ್ಮಾನಿಸುವುದು ಇಂಥ ಸಾಲುಗಳ ಮೇಲೆ.